ಒಳಪರೀಕ್ಷೆ: ಓದುಗರ ಪ್ರಶ್ನೆಗಳಿಗೆ ಸ್ತ್ರೀರೋಗ ತಜ್ಞೆಯ ಉತ್ತರ

ಸ್ತ್ರೀರೋಗ ತಜ್ಞರ ಬಳಿ ಮಾಡಿಸಿಕೊಳ್ಳುವ ಸಾಮಾನ್ಯ ತಪಾಸಣೆಯ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಬರೆದವರ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ನನಗೆ 34 ವರ್ಷ. ಎರಡನೆಯ ಹೆರಿಗೆಯಾದ ಮೇಲೆ ಸ್ತ್ರೀರೋಗ ತಜ್ಞರನ್ನು ಕಂಡಿಲ್ಲ. ಈಗ ತೊಂದರೆಯೇನೂ ಇಲ್ಲ, ಆದರೂ ಒಮ್ಮೆ ತಪಾಸಣೆ ಮಾಡಿಸಿಕೋ ಎಂದು ಅಕ್ಕ ಒತ್ತಾಯಿಸುತ್ತಿದ್ದಾಳೆ. ಹೆರಿಗೆಯ ನೋವಿನಲ್ಲಿ ಯಾರು ಯಾವ ಪರೀಕ್ಷೆ ಮಾಡಿದರೆಂಬುದು ನನಗೆ ತಿಳಿಯಲೇ ಇಲ್ಲ. ಈ ಸಲ ಏನೇನು ಮಾಡುತ್ತಾರೆ, ನೋವಾಗುತ್ತದೆಯೇ ಎಂಬುದನ್ನು ಮೊದಲೇ ತಿಳಿದುಕೊಂಡು ಹೋಗಬೇಕೆಂದಿದ್ದೇನೆ.

ಉತ್ತರ: ಈ ಭೇಟಿಯ ಹೆಚ್ಚಿನ ಸಮಯ ಮಾತುಕತೆಯಲ್ಲಿಯೇ ಕಳೆಯುತ್ತದೆ. ಮಂಚದ ಮೇಲೆ ಮಲಗಿ ಮಾಡಿಸಿಕೊಳ್ಳುವ ಒಳಪರೀಕ್ಷೆ ಸಾಮಾನ್ಯವಾಗಿ ಕೆಲವೇ ನಿಮಿಷಗಳ ಕೆಲಸ. ಮೊದಲು ನಿಮ್ಮ ಕಳೆದ ಮುಟ್ಟು ಯಾವ ದಿನ ಆರಂಭವಾಯಿತು, ಎಷ್ಟು ದಿನಗಳಿಗೊಮ್ಮೆ ಬರುತ್ತದೆ, ಎಷ್ಟು ದಿನ ಇರುತ್ತದೆ, ಹೆಚ್ಚು ಹೋಗುತ್ತದೆಯೇ, ನಡುವೆ ಅಥವಾ ಸಂಭೋಗದ ನಂತರ ರಕ್ತ ಕಾಣಿಸಿಕೊಳ್ಳುತ್ತದೆಯೇ ಎಂದು ಕೇಳುತ್ತಾರೆ. ಬಸಿರು, ಹೆರಿಗೆ, ಗರ್ಭಪಾತಗಳ ವಿವರ, ಈಗ ಬಳಸುತ್ತಿರುವ ಗರ್ಭನಿರೋಧಕ, ಬಿಳಿಸೆರಗು, ಉರಿಮೂತ್ರ, ಕೆಮ್ಮಿದಾಗ ಮೂತ್ರ ಜಾರುವುದು, ಸಂಭೋಗದಲ್ಲಿ ನೋವು, ಮನೆತನದಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂಬುದೂ ಈ ಪಟ್ಟಿಯಲ್ಲಿ ಸೇರುತ್ತದೆ. ಕೆಲವು ಪ್ರಶ್ನೆಗಳು ಮುಜುಗರ ತರಬಹುದು. ಆದರೆ ಮುಂದಿನ ಪರೀಕ್ಷೆಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂಬುದು ಈ ಉತ್ತರಗಳ ಮೇಲೆಯೇ ನಿರ್ಧಾರವಾಗುವುದರಿಂದ, ಮುಚ್ಚಿಟ್ಟ ಒಂದು ವಿವರ ಒಂದು ಅನಗತ್ಯ ಪರೀಕ್ಷೆಗೂ ದಾರಿಯಾಗಬಹುದು, ಬೇಕಾದ ಪರೀಕ್ಷೆ ತಪ್ಪಿಹೋಗುವುದಕ್ಕೂ ಕಾರಣವಾಗಬಹುದು. ಉತ್ತರಿಸಲು ಇಷ್ಟವಿಲ್ಲದ ಪ್ರಶ್ನೆ ಬಂದರೆ "ಇದು ಏಕೆ ಬೇಕು?" ಎಂದು ಕೇಳಿ. ಕಾರಣ ತಿಳಿದರೆ ಉತ್ತರಿಸುವುದು ಸುಲಭವಾಗುತ್ತದೆ.

ಅನಂತರ ತೂಕ ಮತ್ತು ರಕ್ತದೊತ್ತಡ ನೋಡುತ್ತಾರೆ. ಮೂತ್ರ ವಿಸರ್ಜಿಸಿ ಬರುವಂತೆ ಹೇಳುತ್ತಾರೆ. ತುಂಬಿದ ಮೂತ್ರಕೋಶ ಗರ್ಭಕೋಶದ ಮುಂದೆಯೇ ಇರುವುದರಿಂದ ಪರೀಕ್ಷೆ ನಿಮಗೂ ಅಹಿತಕರ, ವೈದ್ಯರ ಕೈಗೂ ತೊಡಕು. ಬಟ್ಟೆಯನ್ನು ಸೊಂಟದ ಕೆಳಗೆ ಮಾತ್ರ ತೆಗೆಯಬೇಕೇ, ಪೂರ್ತಿ ತೆಗೆದು ಗೌನ್ ಹಾಕಿಕೊಳ್ಳಬೇಕೇ ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಬದಲಾಯಿಸುವಾಗ ನಿಮ್ಮನ್ನು ಒಂಟಿಯಾಗಿ ಬಿಡಬೇಕು, ಹೊದಿಕೆ ಕೊಡಬೇಕು, ಪರೀಕ್ಷಿಸುತ್ತಿರುವ ಭಾಗವನ್ನಷ್ಟೇ ತೆರೆಯಬೇಕು. ಇವನ್ನು ಯಾರೂ ನಿಮಗೆ ತೋರುವ ಕೃಪೆಯೆಂದು ಭಾವಿಸಬೇಕಾಗಿಲ್ಲ. ಪರೀಕ್ಷೆ ನಡೆಯುವಾಗ ಒಬ್ಬ ನರ್ಸ್ ಕೋಣೆಯಲ್ಲಿ ಇರುವುದು ಒಳ್ಳೆಯ ಪದ್ಧತಿ, ಇಲ್ಲದಿದ್ದರೆ ನೀವೇ ಕೇಳಬಹುದು.

ಸ್ತನಗಳನ್ನು ಪರೀಕ್ಷಿಸುವುದಾದರೆ ಬೆರಳುಗಳ ಮೆದುಭಾಗದಿಂದ ಇಡೀ ಸ್ತನವನ್ನೂ ಕಂಕುಳನ್ನೂ ಒತ್ತಿ ನೋಡುತ್ತಾರೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಸ್ತನಗಳು ಬಿಗಿದು ನೋಯುವುದರಿಂದ ಮುಟ್ಟು ಮುಗಿದ ನಂತರದ ವಾರ ಇದಕ್ಕೆ ಅನುಕೂಲ. ಬಳಿಕ ಹೊಟ್ಟೆಯನ್ನು ಒತ್ತಿ ನೋಡಿ, ಕಾಲುಗಳನ್ನು ಮಡಚಿ ಅಗಲಿಸುವಂತೆ ಹೇಳಿ, ಮೊದಲು ಹೊರಭಾಗದ ಚರ್ಮದಲ್ಲಿ ಹುಣ್ಣು, ಊತ, ಬಣ್ಣದ ಬದಲಾವಣೆ ಇದೆಯೇ ಎಂದು ಗಮನಿಸುತ್ತಾರೆ.

ಬಹುತೇಕರು ಹೆದರುವುದು ಇದರ ನಂತರದ ಹಂತಕ್ಕೆ. ಸ್ಪೆಕ್ಯುಲಮ್ ಎಂಬ ಉಪಕರಣಕ್ಕೆ ಬಾತುಕೋಳಿಯ ಕೊಕ್ಕಿನಂತೆ ಎರಡು ಚಪ್ಪಟೆ ಅಲಗುಗಳಿರುತ್ತವೆ. ಲೋಹದ್ದೂ ಇದೆ, ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿನದೂ ಇದೆ. ಮುಚ್ಚಿದ ಸ್ಥಿತಿಯಲ್ಲಿ ಅದನ್ನು ಯೋನಿಯೊಳಗೆ ನಿಧಾನವಾಗಿ ಸೇರಿಸಿ, ಒಳಗೆ ಹೋದ ಮೇಲೆ ಸ್ವಲ್ಪ ತೆರೆದಾಗ ಯೋನಿಯ ಗೋಡೆಗಳೂ, ತುದಿಯಲ್ಲಿರುವ ಗರ್ಭಕೋಶದ ಕೊರಳೂ ಬೆಳಕಿನಲ್ಲಿ ಕಾಣುತ್ತವೆ. ಒಳಗೆ ಒತ್ತಿದಂತೆ, ತುಂಬಿದಂತೆ ಅನ್ನಿಸುವುದು ಸಹಜ. ಲೋಹದ್ದಾದರೆ ತಣ್ಣಗೂ ಇರಬಹುದು, ಬೆಚ್ಚಗಿನ ನೀರಿನಲ್ಲಿ ಹಿಡಿದು ಬಳಸಿದರೆ ಆ ತೊಂದರೆಯಿಲ್ಲ. ಆದರೆ ಚುಚ್ಚಿದಂತೆ ಅಥವಾ ಹಿಂಡಿದಂತೆ ನೋವಾದರೆ ಅದನ್ನು ಸಹಿಸಿಕೊಂಡು ಸುಮ್ಮನಿರಬೇಡಿ. ಸ್ಪೆಕ್ಯುಲಮ್‌ಗಳಲ್ಲಿ ಅಳತೆಗಳಿವೆ, ಚಿಕ್ಕದನ್ನು ಬಳಸಬಹುದು. ಕೋನ ಬದಲಿಸಿದರೂ ನೋವು ಹೋಗಬಹುದು. ಅಷ್ಟಾದರೂ ನಿಲ್ಲದ ನೋವು ರೋಗನಿರ್ಣಯಕ್ಕೆ ಬೇಕಾದ ಒಂದು ಸುಳಿವು.

ಗರ್ಭಕೋಶದ ಕೊರಳಿನ ಕ್ಯಾನ್ಸರಿನ ತಪಾಸಣೆಗೆ ಮಾದರಿ ತೆಗೆಯುವುದಾದರೆ ಸ್ಪೆಕ್ಯುಲಮ್ ಇರುವಾಗಲೇ ಚಿಕ್ಕ ಬ್ರಷ್ಷಿನಿಂದ ಅಥವಾ ಚಪ್ಪಟೆ ಕಡ್ಡಿಯಿಂದ ಕೊರಳಿನ ಮೇಲ್ಪದರವನ್ನು ಸವರಿಕೊಳ್ಳುತ್ತಾರೆ. ಕೆಲವರಿಗೆ ಏನೂ ತಿಳಿಯುವುದಿಲ್ಲ, ಕೆಲವರಿಗೆ ಕ್ಷಣಕಾಲ ಮುಟ್ಟಿನ ನೋವಿನಂತೆ ಹಿಡಿದುಕೊಳ್ಳುತ್ತದೆ. ಆ ದಿನ ಅಥವಾ ಮರುದಿನ ಒಂದೆರಡು ಹನಿ ರಕ್ತ ಕಂಡರೆ ಗಾಬರಿ ಬೇಡ.

ಸ್ಪೆಕ್ಯುಲಮ್ ತೆಗೆದ ಮೇಲೆ ಕೈಗವಸು ತೊಟ್ಟು, ಜೆಲ್ ಹಚ್ಚಿದ ಒಂದು ಅಥವಾ ಎರಡು ಬೆರಳುಗಳನ್ನು ಯೋನಿಯೊಳಗೆ ಇಟ್ಟು, ಇನ್ನೊಂದು ಕೈಯಿಂದ ಕಿಬ್ಬೊಟ್ಟೆಯನ್ನು ಮೇಲಿನಿಂದ ಒತ್ತಿ, ಎರಡು ಕೈಗಳ ನಡುವೆ ಗರ್ಭಕೋಶದ ಗಾತ್ರ, ಆಕಾರ, ಅದು ಅಲುಗುವ ಬಗೆ ಮತ್ತು ನೋವಿರುವ ಜಾಗವನ್ನು ತಿಳಿದುಕೊಳ್ಳುತ್ತಾರೆ. ಹೆರದವರಲ್ಲಿ ಗರ್ಭಕೋಶದ ಉದ್ದ ಸುಮಾರು 7ರಿಂದ 8 ಸೆಂಟಿಮೀಟರ್, ಹೆತ್ತವರಲ್ಲಿ ತುಸು ಹೆಚ್ಚು. "ಗರ್ಭಕೋಶ ಹಿಂದಕ್ಕೆ ಬಾಗಿದೆ" ಎಂಬ ಮಾತು ಕಿವಿಗೆ ಬಿದ್ದರೆ ಅದನ್ನು ಕಾಯಿಲೆಯೆಂದು ಮನೆಗೆ ಹೊತ್ತುಕೊಂಡು ಹೋಗಬೇಡಿ. ಸುಮಾರು ಐವರು ಹೆಂಗಸರಲ್ಲಿ ಒಬ್ಬರಿಗೆ ಅದು ಹಾಗೆಯೇ ಇರುತ್ತದೆ. ವಿರಳವಾಗಿ, ಗರ್ಭಕೋಶದ ಹಿಂಭಾಗವನ್ನು ನೋಡಬೇಕಾದ ಸಂದರ್ಭದಲ್ಲಿ, ಗುದದ್ವಾರದ ಮೂಲಕವೂ ಬೆರಳಿಟ್ಟು ಪರೀಕ್ಷಿಸುವುದುಂಟು. ಅದನ್ನು ಮಾಡುವ ಮೊದಲು ಹೇಳಿ, ಒಪ್ಪಿಗೆ ಪಡೆಯಲೇಬೇಕು. ಇದೆಲ್ಲ ಮುಗಿದು ಬಟ್ಟೆ ಧರಿಸಿ ಕುಳಿತ ಮೇಲೆ ಕಂಡದ್ದನ್ನು ವಿವರಿಸುತ್ತಾರೆ. ಮಲಗಿರುವಾಗ ಹೇಳಿದ ಮಾತು ತಲೆಗೆ ಹತ್ತುವುದು ಕಡಿಮೆ, ಆದ್ದರಿಂದ ಕುಳಿತ ಮೇಲೆ ಮತ್ತೊಮ್ಮೆ ಕೇಳುವುದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ಆರೋಗ್ಯವಾಗಿರುವ ಹೆಂಗಸು ಪ್ರತಿವರ್ಷ ಒಳಪರೀಕ್ಷೆ ಮಾಡಿಸಿಕೊಳ್ಳಲೇಬೇಕೆ? ಒಬ್ಬ ವೈದ್ಯರು ಬೇಕೇ ಬೇಕು ಎಂದರು, ಇನ್ನೊಬ್ಬರು ಮುಟ್ಟಿಯೂ ನೋಡಲಿಲ್ಲ.

ಉತ್ತರ: ಇಬ್ಬರೂ ತಮ್ಮ ತಮ್ಮ ಕಾಲದ ಪಾಠವನ್ನು ಪಾಲಿಸಿದ್ದಾರೆ. ಹಿಂದೆ ವರ್ಷಕ್ಕೊಂದು ಒಳಪರೀಕ್ಷೆ ಎಂಬುದು ಪ್ರಶ್ನಾತೀತ ನಿಯಮವಾಗಿತ್ತು. 2014ರಲ್ಲಿ ಅಮೆರಿಕದ ಕಾಯಚಿಕಿತ್ಸಾ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, ಯಾವ ಲಕ್ಷಣವೂ ಇಲ್ಲದ, ಬಸುರಿಯಲ್ಲದ ವಯಸ್ಕ ಮಹಿಳೆಯರಿಗೆ ಕೇವಲ ತಪಾಸಣೆಗಾಗಿ ಒಳಪರೀಕ್ಷೆ ಮಾಡಬಾರದೆಂದು ಸಲಹೆ ನೀಡಿತು. 2017ರಲ್ಲಿ ಅದೇ ದೇಶದ ತಡೆಗಟ್ಟುವ ಆರೋಗ್ಯಸೇವೆಗಳ ಕಾರ್ಯಪಡೆಯು, ಲಾಭ ಹೆಚ್ಚೋ ಹಾನಿ ಹೆಚ್ಚೋ ಎಂದು ತೀರ್ಮಾನಿಸಲು ಸಾಕಷ್ಟು ಆಧಾರವಿಲ್ಲ ಎಂದಿತು. ಅಲ್ಲಿನ ಸ್ತ್ರೀರೋಗ ತಜ್ಞರ ಸಂಘ 2018ರಲ್ಲಿ, ರೋಗಿಯ ಹಿನ್ನೆಲೆ ಅಥವಾ ಲಕ್ಷಣಗಳು ಬೇಡಿದಾಗ ಮಾತ್ರ ಒಳಪರೀಕ್ಷೆ ಮಾಡಿ, ಅದನ್ನು ಇಬ್ಬರೂ ಚರ್ಚಿಸಿ ತೀರ್ಮಾನಿಸಿ ಎಂದಿತು. ನನ್ನ ಒಲವೂ ಆ ಕಡೆಗೇ. ಕೈಗೆ ಸಿಕ್ಕ ಚಿಕ್ಕ ನಿರುಪದ್ರವಿ ಗಂಟನ್ನು ಬೆನ್ನಟ್ಟಿ ಸ್ಕ್ಯಾನಿಂಗ್, ಆತಂಕ, ಕೆಲವೊಮ್ಮೆ ಬೇಡದ ಶಸ್ತ್ರಚಿಕಿತ್ಸೆಯವರೆಗೆ ಹೋದ ಉದಾಹರಣೆಗಳು ವೈದ್ಯವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ಅಂಡಾಶಯದ ಕ್ಯಾನ್ಸರನ್ನು ಲಕ್ಷಣ ಕಾಣಿಸುವ ಮೊದಲೇ ಕೈಪರೀಕ್ಷೆಯಿಂದ ನಂಬಿಕಾರ್ಹವಾಗಿ ಹಿಡಿಯಲೂ ಆಗದು.

ಆದರೆ ಇಲ್ಲಿ ಎರಡು ವಿಷಯಗಳನ್ನು ಬೆರೆಸಬಾರದು. ಬೆರಳುಗಳಿಂದ ಗರ್ಭಕೋಶವನ್ನು ಪರೀಕ್ಷಿಸುವುದು ಒಂದು, ಗರ್ಭಕೋಶದ ಕೊರಳಿನ ಕ್ಯಾನ್ಸರಿಗಾಗಿ ಮಾದರಿ ತೆಗೆಯುವುದು ಇನ್ನೊಂದು. ಮೊದಲನೆಯದು ಲಕ್ಷಣವಿಲ್ಲದವರಿಗೆ ಐಚ್ಛಿಕವಾದರೂ ಎರಡನೆಯದನ್ನು ಆರೋಗ್ಯವಂತರೇ, ನಿಗದಿತ ಅಂತರದಲ್ಲಿ ಮಾಡಿಸಿಕೊಳ್ಳಬೇಕು, ಏಕೆಂದರೆ ಅದು ಹುಡುಕುವುದೇ ಲಕ್ಷಣ ತೋರದ ಬದಲಾವಣೆಗಳನ್ನು. ಅಂತೆಯೇ ಗರ್ಭನಿರೋಧಕ ಮಾತ್ರೆ ಬರೆಸಿಕೊಳ್ಳಲು ಒಳಪರೀಕ್ಷೆ ಬೇಕಿಲ್ಲ. ಆರೋಗ್ಯದ ಹಿನ್ನೆಲೆಯೂ ರಕ್ತದೊತ್ತಡದ ಅಳತೆಯೂ ಸಾಕು. ಕಾಪರ್-ಟಿ ಹಾಕಿಸಿಕೊಳ್ಳುವುದಾದರೆ ಒಳಪರೀಕ್ಷೆ ಅನಿವಾರ್ಯ.

ಪ್ರಶ್ನೆ: ಪರೀಕ್ಷೆಗೆ ಹೋಗುವ ಮುನ್ನ ಕೂದಲು ತೆಗೆಯಬೇಕೇ? ಮುಟ್ಟಿನ ದಿನಗಳಲ್ಲಿ ಹೋಗಬಹುದೇ?

ಉತ್ತರ: ಕೂದಲು ತೆಗೆಯಬೇಕಾಗಿಲ್ಲ, ವೈದ್ಯರು ಅದನ್ನು ಗಮನಿಸುವುದೂ ಇಲ್ಲ. ನಿತ್ಯದ ಸ್ನಾನ ಸಾಕು. ಒಳಗೆ ಸೋಪು, ಸುಗಂಧದ್ರವ್ಯ, ನೀರಿನ ಪಿಚಕಾರಿ ಬಳಸಿ ತೊಳೆಯಬೇಡಿ. ಯೋನಿಯ ಒಳಗಿನ ಸಹಜ ಆಮ್ಲೀಯತೆಯೇ (ಪಿಎಚ್ ಸುಮಾರು 3.8ರಿಂದ 4.5) ಸೋಂಕನ್ನು ತಡೆಯುವಂಥದ್ದು, ತೊಳೆದರೆ ಅದೂ ಹೋಗುತ್ತದೆ, ವೈದ್ಯರಿಗೆ ಬೇಕಾದ ಸುಳಿವೂ ಅಳಿಸಿಹೋಗುತ್ತದೆ. ಪ್ಯಾಪ್ ಪರೀಕ್ಷೆ (ಗರ್ಭಕೋಶದ ಕೊರಳಿನಿಂದ ಸವರಿ ತೆಗೆದ ಜೀವಕೋಶಗಳ ಪರೀಕ್ಷೆ) ಇದ್ದರೆ ಅದಕ್ಕೆ ಹಿಂದಿನ ಎರಡು ದಿನ ಸಂಭೋಗ, ಯೋನಿಯೊಳಗೆ ಇಡುವ ಮುಲಾಮು ಮತ್ತು ಮಾತ್ರೆಗಳನ್ನು ಬಿಡುವುದು ಒಳ್ಳೆಯದು. ಹೆಚ್ಚು ಸ್ರಾವವಿರುವ ದಿನಗಳನ್ನು ತಪ್ಪಿಸಿ. ಆದರೆ ನಿಮ್ಮ ತೊಂದರೆಯೇ ಅಸಹಜ ರಕ್ತಸ್ರಾವವಾಗಿದ್ದರೆ ಅದು ನಿಲ್ಲಲಿ ಎಂದು ಕಾಯುವುದು ಸರಿಯಲ್ಲ, ಸ್ರಾವ ಇರುವಾಗಲೇ ಬನ್ನಿ.

ಪ್ರಶ್ನೆ: ನನ್ನ ಮಗಳಿಗೆ 22 ವರ್ಷ, ಮದುವೆಯಾಗಿಲ್ಲ. ಪ್ರತಿ ತಿಂಗಳೂ ಮುಟ್ಟಿನ ನೋವಿನಿಂದ ಎರಡು ದಿನ ಹಾಸಿಗೆ ಹಿಡಿಯುತ್ತಾಳೆ. ವೈದ್ಯರ ಬಳಿ ಕರೆದೊಯ್ದರೆ ಒಳಪರೀಕ್ಷೆ ಮಾಡಿಬಿಡುತ್ತಾರೆ, ಕನ್ಯಾಪೊರೆಗೆ ಪೆಟ್ಟಾಗುತ್ತದೆ ಎಂಬ ಭಯದಿಂದ ಎರಡು ವರ್ಷದಿಂದ ಮುಂದೂಡುತ್ತಿದ್ದೇನೆ.

ಉತ್ತರ: ಆ ಭಯಕ್ಕಾಗಿ ನಿಮ್ಮ ಮಗಳು ಎರಡು ವರ್ಷ ನೋವುಂಡಿದ್ದಾಳೆ ಎಂಬುದನ್ನು ದಯವಿಟ್ಟು ಗಮನಿಸಿ. ಸಂಭೋಗದ ಅನುಭವವಿಲ್ಲದ ಯುವತಿಗೆ ಒಳಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಮಾತುಕತೆ, ಹೊಟ್ಟೆಯ ಪರೀಕ್ಷೆ, ಬೇಕಾದರೆ ಮೂತ್ರಕೋಶ ತುಂಬಿಸಿಕೊಂಡು ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್, ಇಷ್ಟರಿಂದಲೇ ಚಿಕಿತ್ಸೆ ಆರಂಭಿಸಬಹುದು. ಐಬುಪ್ರೊಫೇನ್, ಮೆಫೆನಾಮಿಕ್ ಆಮ್ಲದಂಥ ಮಾತ್ರೆಗಳನ್ನು ನೋವು ಏರುವ ಮೊದಲೇ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಹಲವರಿಗೆ ಸಾಕಾಗುತ್ತದೆ, ಸಾಲದಿದ್ದರೆ ಹಾರ್ಮೋನ್ ಮಾತ್ರೆಗಳಿವೆ. ಅವುಗಳಿಗೂ ಬಗ್ಗದ ನೋವಾದರೆ ಎಂಡೊಮೆಟ್ರಿಯೋಸಿಸ್ ಇದೆಯೇ ಎಂದು ನೋಡಬೇಕಾಗುತ್ತದೆ. ಗರ್ಭಕೋಶದ ಒಳಪದರದಂಥ ಅಂಗಾಂಶ ಅದರ ಹೊರಗೆ ಬೆಳೆಯುವ ಈ ಕಾಯಿಲೆಯನ್ನು "ಮುಟ್ಟಿನ ನೋವು ಎಲ್ಲರಿಗೂ ಇರುತ್ತದೆ" ಎಂಬ ಮಾತಿನಡಿ ವರ್ಷಗಟ್ಟಲೆ ಮುಚ್ಚಿಡುವುದು ಬಹಳ ಸಾಮಾನ್ಯ.

ಕನ್ಯಾಪೊರೆಯ ಬಗ್ಗೆಯೂ ಒಂದು ಮಾತು. ಅದು ದಾರಿಗೆ ಅಡ್ಡವಾಗಿ ಬಿಗಿದ ಪರದೆಯಲ್ಲ; ಯೋನಿದ್ವಾರದ ಸುತ್ತ ಇರುವ, ಆಕಾರದಲ್ಲಿ ಒಬ್ಬರಿಂದ ಒಬ್ಬರಿಗೆ ಬೇರೆಯಾಗುವ ತೆಳುವಾದ ಅಂಚು. ಅದನ್ನು ನೋಡಿ ಒಬ್ಬಳಿಗೆ ಸಂಭೋಗವಾಗಿದೆಯೇ ಇಲ್ಲವೇ ಎಂದು ಯಾವ ವೈದ್ಯರೂ ಹೇಳಲಾರರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಮಾನವ ಹಕ್ಕು ಹಾಗೂ ಮಹಿಳಾ ವಿಭಾಗಗಳು 2018ರಲ್ಲಿ ಜಂಟಿಯಾಗಿ, ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಎಂದು ಹೇಳಿವೆ. ಮಗಳ ಜೊತೆ ಹೋಗಿ, ಆದರೆ ಕೆಲವು ನಿಮಿಷ ಅವಳನ್ನು ವೈದ್ಯರೊಂದಿಗೆ ಒಂಟಿಯಾಗಿ ಮಾತನಾಡಲು ಬಿಡಿ. ಅವಳು ವಯಸ್ಕಳು, ಆ ಮಾತುಕತೆಯಲ್ಲಿ ಏನು ಬಂತೆಂದು ವೈದ್ಯರನ್ನು ಕೇಳಿದರೆ ಅವರು ಹೇಳದಿರುವುದೇ ಸರಿ.

ಪ್ರಶ್ನೆ: ಹಿಂದೆ ಒಮ್ಮೆ ಸ್ಪೆಕ್ಯುಲಮ್ ಹಾಕುವಾಗ ನಾನು ನೋವಿನಿಂದ ಕಾಲು ಸೆಳೆದುಕೊಂಡೆ. "ಇಷ್ಟಕ್ಕೇ ಹೀಗಾದರೆ ಹೇಗಮ್ಮ?" ಎಂದು ಗದರಿದರು. ಆಮೇಲೆ ಆರು ವರ್ಷ ಯಾರ ಬಳಿಗೂ ಹೋಗಿಲ್ಲ. ದೇಹ ತಾನೇ ತಾನಾಗಿ ಬಿಗಿದುಕೊಳ್ಳುತ್ತದೆ, ಏನು ಮಾಡಲಿ?

ಉತ್ತರ: ಗದರಿದವರದು ತಪ್ಪು. ಯೋನಿದ್ವಾರದ ಸುತ್ತಲಿನ ಸ್ನಾಯುಗಳು ಭಯವಾದಾಗ ಬಿಗಿದುಕೊಳ್ಳುವುದು ಇಚ್ಛೆಗೆ ಮೀರಿದ ಪ್ರತಿಕ್ರಿಯೆ. ಬಿಗಿದ ಸ್ನಾಯುವಿನ ಮೇಲೆ ಉಪಕರಣ ಒತ್ತಿದರೆ ನೋವಾಗುತ್ತದೆ, ನೋವು ಭಯವನ್ನು ಹೆಚ್ಚಿಸುತ್ತದೆ, ಭಯ ಮತ್ತೆ ಬಿಗಿಸುತ್ತದೆ. "ಸಡಿಲ ಬಿಡಿ" ಎಂದು ಗಟ್ಟಿಯಾಗಿ ಹೇಳಿದಷ್ಟಕ್ಕೆ ಇದು ಬಿಡುವುದಿಲ್ಲ. ಸಂಭೋಗದಲ್ಲಿಯೂ ಇದೇ ತೊಂದರೆ ಇದ್ದರೆ ಅದನ್ನು ವೆಜೈನಿಸ್ಮಸ್ ಎನ್ನುತ್ತಾರೆ. ಅದಕ್ಕೆ ಸೊಂಟದ ಸ್ನಾಯುಗಳ ವ್ಯಾಯಾಮ ಚಿಕಿತ್ಸೆ, ಹಂತ ಹಂತವಾದ ಅಭ್ಯಾಸ ಮತ್ತು ಸಮಾಲೋಚನೆಯಿಂದ ಒಳ್ಳೆಯ ಫಲ ಸಿಗುತ್ತದೆ.

ಈ ಸಲ ಬೇರೊಬ್ಬ ವೈದ್ಯರನ್ನು ಆರಿಸಿಕೊಳ್ಳಿ, ಮತ್ತು ಬಟ್ಟೆ ಬದಲಾಯಿಸುವ ಮೊದಲೇ, ಮೇಜಿನ ಎದುರು ಕುಳಿತಿರುವಾಗಲೇ, "ಹಿಂದಿನ ಪರೀಕ್ಷೆ ನನಗೆ ತುಂಬ ನೋವಾಗಿತ್ತು, ನಿಲ್ಲಿಸಿ ಎಂದರೆ ನಿಲ್ಲಿಸಬೇಕು" ಎಂದು ಹೇಳಿಬಿಡಿ. ಮೊದಲ ಭೇಟಿಯಲ್ಲಿ ಬರೀ ಮಾತುಕತೆಯಾಗಲಿ, ಪರೀಕ್ಷೆಯನ್ನು ಮುಂದಿನ ಭೇಟಿಗೆ ಇಡೋಣ ಎಂದೂ ಕೇಳಬಹುದು. ಅತಿ ಚಿಕ್ಕ ಸ್ಪೆಕ್ಯುಲಮ್, ಸಾಕಷ್ಟು ಜೆಲ್, ಸೊಂಟದ ಕೆಳಗೆ ದಿಂಬು, ಕಾಲುಗಳನ್ನು ಕಟ್ಟೆಗಳ ಮೇಲೆ ಎತ್ತಿಡುವ ಬದಲು ಹಾಸಿಗೆಯ ಮೇಲೆಯೇ ಮಡಚಿಡುವುದು, ಮಗ್ಗುಲಾಗಿ ಮಲಗುವುದು, ಇವೆಲ್ಲ ಸಾಧ್ಯ. ಸ್ಪೆಕ್ಯುಲಮ್ಮನ್ನು ತಾನೇ ಒಳಗೆ ಸೇರಿಸಿಕೊಳ್ಳಲು ಕೆಲವರಿಗೆ ಇಷ್ಟ. ವಿಚಿತ್ರವೆನಿಸಿದರೂ ಕೈ ತಮ್ಮದೇ ಆದಾಗ ದೇಹ ಬಿಗಿಯುವುದು ಕಡಿಮೆ, ಅನುಭವಿ ವೈದ್ಯರು ಇದಕ್ಕೆ ಒಪ್ಪುತ್ತಾರೆ. ಒಳಗೆ ಸೇರಿಸುವಾಗ ಉಸಿರನ್ನು ಹಿಡಿಯದೆ ಬಾಯಿಂದ ನಿಧಾನವಾಗಿ ಬಿಡುತ್ತಿರಿ.

ಹಿಂದೆ ಯಾರಿಂದಲಾದರೂ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದವರಿಗೆ ಈ ಪರೀಕ್ಷೆ ಆ ನೆನಪನ್ನು ಎಬ್ಬಿಸಬಹುದು. ವಿವರ ಹೇಳಬೇಕಾಗಿಲ್ಲ, "ಒಳಪರೀಕ್ಷೆ ನನಗೆ ಕಷ್ಟ, ಪ್ರತಿ ಹಂತವನ್ನೂ ಮೊದಲೇ ಹೇಳಿ ಮಾಡಿ" ಎಂದಷ್ಟೇ ಹೇಳಿದರೂ ಸಾಕು. ನಿಮಗೆ ಬೇಕಾಗಿರುವುದು ಕ್ಯಾನ್ಸರ್ ತಪಾಸಣೆ ಮಾತ್ರವಾದರೆ ಇನ್ನೊಂದು ದಾರಿಯೂ ಇದೆ. ಎಚ್‌ಪಿವಿ ಪರೀಕ್ಷೆಗೆ (ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ವೈರಸ್ಸನ್ನು ಹುಡುಕುವ ಪರೀಕ್ಷೆಗೆ) ಬೇಕಾದ ಮಾದರಿಯನ್ನು ತೆಳ್ಳನೆಯ ಹತ್ತಿಕಡ್ಡಿಯಿಂದ ಹೆಂಗಸು ತಾನೇ ತೆಗೆದುಕೊಡಬಹುದು, ಸ್ಪೆಕ್ಯುಲಮ್ ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಈ ವಿಧಾನವನ್ನು ಒಪ್ಪಿದೆ. ಇದು ಸಿಗುತ್ತದೆಯೇ ಎಂದು ಕೇಳಿ ನೋಡಿ.

ಪ್ರಶ್ನೆ: ನನಗೆ 41 ವರ್ಷ. ಪರೀಕ್ಷೆಯಲ್ಲಿ "ಎಚ್‌ಪಿವಿ ಪಾಸಿಟಿವ್" ಎಂದು ಬಂದಿದೆ. ನನಗೆ ಕ್ಯಾನ್ಸರ್ ಬಂದಿದೆಯೇ? ಇದು ಸಂಭೋಗದಿಂದ ಹರಡುತ್ತದೆ ಎಂದು ಓದಿದ ಮೇಲೆ ಗಂಡನ ಮುಖ ನೋಡಲೂ ಆಗುತ್ತಿಲ್ಲ.

ಉತ್ತರ: ಈ ವರದಿ ಕ್ಯಾನ್ಸರ್ ಇದೆ ಎಂದು ಹೇಳುತ್ತಿಲ್ಲ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಅಪಾಯಕಾರಿ ತಳಿಗಳಲ್ಲಿ ಒಂದು ಈಗ ನಿಮ್ಮಲ್ಲಿದೆ ಎಂಬುದಷ್ಟೇ ಅದರ ಅರ್ಥ. ಲೈಂಗಿಕ ಜೀವನವಿರುವ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಬದುಕಿನಲ್ಲಿ ಒಮ್ಮೆಯಾದರೂ ಇದು ಅಂಟುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಅಡಗಿಸುತ್ತದೆ. ಅಡಗದೆ ಉಳಿದಾಗ ಕೊರಳಿನ ಜೀವಕೋಶಗಳು ಬದಲಾಗಬಹುದು. ಆ ಬದಲಾವಣೆ ಕ್ಯಾನ್ಸರ್ ಆಗಲು, ಆರೋಗ್ಯವಂತ ರೋಗನಿರೋಧಕ ಶಕ್ತಿಯಿರುವವರಲ್ಲಿ, ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ತಪಾಸಣೆ ಇಷ್ಟು ಫಲಕಾರಿಯಾಗಿರುವುದಕ್ಕೆ ಈ ದೀರ್ಘ ಅವಧಿಯೇ ಕಾರಣ.

ಇಲ್ಲಿ ಎರಡು ಪರೀಕ್ಷೆಗಳ ನಡುವಿನ ವ್ಯತ್ಯಾಸ ತಿಳಿದಿರಲಿ. ಜಾರ್ಜ್ ಪಾಪಾನಿಕೊಲಾವ್ ಎಂಬ ವೈದ್ಯ ರೂಪಿಸಿದ, 1940ರ ದಶಕದಿಂದ ಬಳಕೆಗೆ ಬಂದ ಪ್ಯಾಪ್ ಪರೀಕ್ಷೆಯು ಜೀವಕೋಶಗಳು ಈಗಾಗಲೇ ಬದಲಾಗಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತದೆ. ಎಚ್‌ಪಿವಿ ಪರೀಕ್ಷೆಯು ಬದಲಾವಣೆಗೆ ಕಾರಣವಾಗುವ ವೈರಸ್ಸನ್ನೇ ಹುಡುಕುತ್ತದೆ. ಈ ವೈರಸ್ಸಿಗೂ ಈ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ್ದಕ್ಕಾಗಿ ಹರಾಲ್ಡ್ ಜುರ್ ಹೌಸೆನ್ 2008ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಎರಡನೆಯ ಪರೀಕ್ಷೆ ಹೆಚ್ಚು ಸೂಕ್ಷ್ಮವಾದ್ದರಿಂದ ಅದರಲ್ಲಿ ನೆಗೆಟಿವ್ ಬಂದವರು ಹೆಚ್ಚು ಕಾಲ ನಿಶ್ಚಿಂತರಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯು 2021ರ ಮಾರ್ಗಸೂಚಿಯಲ್ಲಿ 30ನೆಯ ವಯಸ್ಸಿನಿಂದ 5ರಿಂದ 10 ವರ್ಷಗಳಿಗೊಮ್ಮೆ ಈ ಪರೀಕ್ಷೆಯನ್ನು ಸೂಚಿಸಿದೆ, ಎಚ್ಐವಿ ಇರುವವರಿಗೆ 25ರಿಂದಲೇ, 3ರಿಂದ 5 ವರ್ಷಗಳಿಗೊಮ್ಮೆ. ಪ್ಯಾಪ್ ಮಾತ್ರ ಲಭ್ಯವಿದ್ದರೆ ಮೂರು ವರ್ಷಗಳಿಗೊಮ್ಮೆ ಮಾಡಿಸಿಕೊಳ್ಳುವುದು ಸಾಮಾನ್ಯ ಕ್ರಮ.

ಮುಂದೇನು ಮಾಡಬೇಕೆಂಬುದು ನಿಮ್ಮಲ್ಲಿರುವ ತಳಿಯನ್ನು ಅವಲಂಬಿಸಿದೆ. 16 ಮತ್ತು 18 ಎಂಬ ತಳಿಗಳು ಪ್ರಪಂಚದ ಸುಮಾರು 70% ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣ. ಅವು ಇದ್ದರೆ ನೇರವಾಗಿ ಕಾಲ್ಪೊಸ್ಕೊಪಿ ಮಾಡುತ್ತಾರೆ. ಬೇರೆ ತಳಿಯಾದರೆ ಪ್ಯಾಪ್ ನೋಡಿ ನಿರ್ಧರಿಸುವುದೋ, ವರ್ಷದ ನಂತರ ಮತ್ತೆ ಪರೀಕ್ಷಿಸುವುದೋ ಆಗಬಹುದು. ಕಾಲ್ಪೊಸ್ಕೊಪಿಯೂ ಸ್ಪೆಕ್ಯುಲಮ್ ಹಾಕಿ ಮಾಡುವ ಪರೀಕ್ಷೆಯೇ. ಹೊರಗಿಟ್ಟ ಭೂತಗನ್ನಡಿಯಂಥ ಉಪಕರಣದಿಂದ ಕೊರಳನ್ನು ದೊಡ್ಡದಾಗಿ ನೋಡುತ್ತಾರೆ. ತೆಳುವಾದ ಅಸಿಟಿಕ್ ಆಮ್ಲ ಹಚ್ಚಿದಾಗ ಬದಲಾದ ಜಾಗ ಬೆಳ್ಳಗಾಗುತ್ತದೆ, ಅಲ್ಲಿಂದ ಚೂರು ಅಂಗಾಂಶ ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಬದಲಾವಣೆ ಗಂಭೀರವಾಗಿದ್ದರೂ ಆ ಭಾಗವನ್ನಷ್ಟೇ ಸುಟ್ಟು ಅಥವಾ ಕತ್ತರಿಸಿ ತೆಗೆಯುವ ಚಿಕ್ಕ ಚಿಕಿತ್ಸೆ ಸಾಮಾನ್ಯವಾಗಿ ಸಾಕು, ಗರ್ಭಕೋಶ ತೆಗೆಯಬೇಕಾಗುವುದಿಲ್ಲ. ಧೂಮಪಾನವಿದ್ದರೆ ಬಿಡಿ, ಅದು ವೈರಸ್ ಉಳಿಯಲು ನೆರವಾಗುತ್ತದೆ.

ಗಂಡನ ಬಗ್ಗೆ ಹೇಳುವುದಾದರೆ, ವೈರಸ್ ಯಾವಾಗ ಅಂಟಿತು, ಯಾರಿಂದ ಬಂತು ಎಂಬುದನ್ನು ಯಾವ ಪರೀಕ್ಷೆಯೂ ಹೇಳುವುದಿಲ್ಲ. ಅದು ಹಲವು ವರ್ಷ ಪತ್ತೆಯಾಗದಷ್ಟು ಕಡಿಮೆಯಾಗಿದ್ದು ಆಮೇಲೆ ತಲೆಯೆತ್ತಬಹುದು. ಈ ವರದಿಯನ್ನು ನಿಷ್ಠೆಯ ಪ್ರಮಾಣಪತ್ರವಾಗಿ ಓದಿದರೆ ಇಬ್ಬರಿಗೂ ಅನ್ಯಾಯ. ಗಂಡಸರಿಗೆ ನಿತ್ಯದ ತಪಾಸಣೆಯಾಗಿ ಮಾಡುವ ಎಚ್‌ಪಿವಿ ಪರೀಕ್ಷೆ ಇಲ್ಲ, ಆದ್ದರಿಂದ ಅವರನ್ನು ಪರೀಕ್ಷೆಗೆ ಕಳಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಸ್ಕ್ಯಾನಿಂಗ್‌ನಲ್ಲಿ ಎಲ್ಲವೂ ಕಾಣುವಾಗ ಕೈಪರೀಕ್ಷೆ ಏಕೆ?

ಉತ್ತರ: ಎಲ್ಲವೂ ಕಾಣುವುದಿಲ್ಲ. ಗಡ್ಡೆಯ ಅಳತೆಯನ್ನು ಸ್ಕ್ಯಾನಿಂಗ್ ಹೆಚ್ಚು ನಿಖರವಾಗಿ ಹೇಳುತ್ತದೆ ಎಂಬುದು ನಿಜ. ಆದರೆ ಗರ್ಭಕೋಶದ ಕೊರಳಿನ ಮೇಲಿನ ಹುಣ್ಣು, ಯೋನಿಯ ಸೋಂಕು, ಗರ್ಭಕೋಶ ಕೆಳಗೆ ಜಾರಿರುವುದು ಕಣ್ಣಿಗೂ ಕೈಗೂ ಸುಲಭವಾಗಿ ಸಿಗುತ್ತವೆ. ಕೊರಳನ್ನು ಅಲುಗಿಸಿದಾಗ ಆಗುವ ನೋವು ಕಿಬ್ಬೊಟ್ಟೆಯ ಸೋಂಕಿಗೆ ದೊಡ್ಡ ಸುಳಿವು, ಅದನ್ನು ಕೈಯಿಂದಲೇ ತಿಳಿಯಬೇಕು. ನೋವು ಅಥವಾ ಸ್ರಾವದ ತೊಂದರೆ ಹೇಳಿಕೊಂಡು ಬಂದವರನ್ನು ಮುಟ್ಟದೆಯೇ ಸ್ಕ್ಯಾನಿಂಗಿಗೆ ಕಳಿಸುವುದು ಅರ್ಧ ಕೆಲಸ.

ಪ್ರಶ್ನೆ: ಫೈಬ್ರಾಯ್ಡ್ ಗಡ್ಡೆಗಳಿಗಾಗಿ ನನ್ನ ಗರ್ಭಕೋಶ ತೆಗೆದು ಐದು ವರ್ಷವಾಯಿತು. ಇನ್ನೂ ಪ್ಯಾಪ್ ಬೇಕೇ?

ಉತ್ತರ: ಕೊರಳನ್ನೂ ಸೇರಿಸಿ ತೆಗೆದಿದ್ದರೆ, ಹಿಂದೆ ಕೊರಳಿನಲ್ಲಿ ಗಂಭೀರ ಬದಲಾವಣೆ ಅಥವಾ ಕ್ಯಾನ್ಸರ್ ಇರದಿದ್ದರೆ, ಬೇಡ. ಕೊರಳನ್ನು ಉಳಿಸಿದ್ದರೆ ಎಲ್ಲರಂತೆ ಮುಂದುವರಿಸಬೇಕು. ಇವೆರಡರಲ್ಲಿ ಯಾವುದು ನಿಮ್ಮದೆಂದು ಶಸ್ತ್ರಚಿಕಿತ್ಸೆಯ ದಾಖಲೆಯಲ್ಲಿ ಇರುತ್ತದೆ, ಕಾಗದ ಕಳೆದಿದ್ದರೆ ಒಂದು ಸ್ಪೆಕ್ಯುಲಮ್ ಪರೀಕ್ಷೆಯಿಂದ ತಿಳಿಯುತ್ತದೆ. ಅಂಡಾಶಯಗಳನ್ನು ಉಳಿಸಿದ್ದಾರೆಯೇ ಎಂಬುದನ್ನೂ ಅದೇ ದಾಖಲೆಯಲ್ಲಿ ನೋಡಿಟ್ಟುಕೊಳ್ಳಿ.

ಪ್ರಶ್ನೆ: ಹೆಂಡತಿಯ ಪರೀಕ್ಷೆಯ ಹೊತ್ತಿನಲ್ಲಿ ನಾನು ಜೊತೆಗಿರಬಹುದೇ?

ಉತ್ತರ: ಆಕೆ ಬಯಸಿದರೆ ಇರಬಹುದು, ಆಕೆಯ ತಲೆಯ ಕಡೆ ನಿಂತುಕೊಳ್ಳಿ. ಆದರೆ ಆಕೆಯ ಆರೋಗ್ಯದ ಹಿನ್ನೆಲೆ ಕೇಳುವಾಗ ಸ್ವಲ್ಪ ಹೊತ್ತು ಹೊರಗಿರಿ ಎಂದು ವೈದ್ಯರು ಹೇಳಿದರೆ ಬೇಸರಪಡಬೇಡಿ. ಅದು ಎಲ್ಲರಿಗೂ ಅನ್ವಯಿಸುವ ಕ್ರಮ. ಆಕೆಯ ಬದಲಿಗೆ ನೀವು ಉತ್ತರಿಸದಿದ್ದರೆ ದೊಡ್ಡ ಉಪಕಾರ.

ಪ್ರಶ್ನೆ: ನನಗೆ 58 ವರ್ಷ, ಮುಟ್ಟು ನಿಂತು ಏಳು ವರ್ಷವಾಯಿತು. ಕಳೆದ ತಿಂಗಳು ಒಳಉಡುಪಿನಲ್ಲಿ ಎರಡು ಸಲ ರಕ್ತದ ಕಲೆ ಕಂಡಿತು, ತಾನಾಗಿಯೇ ನಿಂತಿತು. ಎರಡು ವರ್ಷದ ಹಿಂದಿನ ಪ್ಯಾಪ್ ಸರಿಯಾಗಿಯೇ ಇತ್ತು. ಈ ವಯಸ್ಸಿನಲ್ಲಿ ಒಳಪರೀಕ್ಷೆಯೆಂದರೆ ನಾಚಿಕೆ, ಉರಿಯ ಭಯವೂ ಇದೆ. ಮತ್ತೆ ಕಂಡರೆ ಹೋದರಾಯಿತೇ?

ಉತ್ತರ: ಮತ್ತೆ ಕಾಣಲಿ ಎಂದು ಕಾಯಬೇಡಿ, ಈ ವಾರವೇ ಹೋಗಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದೇ ಹನಿ ರಕ್ತ ಕಂಡರೂ ಪರೀಕ್ಷೆ ಆಗಲೇಬೇಕು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಯಲ್ಲಿ ಕಾರಣ ಕ್ಯಾನ್ಸರ್ ಆಗಿರುವುದಿಲ್ಲ. ಈಸ್ಟ್ರೊಜನ್ ಎಂಬ ಹಾರ್ಮೋನ್ ಕಡಿಮೆಯಾಗಿ ಯೋನಿಯ ಪದರ ತೆಳುವಾಗಿರುವುದೋ, ಗರ್ಭಕೋಶದ ಒಳಪದರದಿಂದ ಬೆಳೆದ ಪಾಲಿಪ್ ಎಂಬ ಚಿಕ್ಕ ಗಂಟೋ ಇರುತ್ತದೆ. ಉಳಿದ ಒಬ್ಬರಲ್ಲಿ ಅದು ಗರ್ಭಕೋಶದ ಒಳಪದರದ ಕ್ಯಾನ್ಸರ್. ಬೇಗ ಸಿಕ್ಕರೆ ಚೆನ್ನಾಗಿ ಗುಣವಾಗುವ ಕ್ಯಾನ್ಸರ್ ಅದು, ಮತ್ತು ಬೇಗ ಸಿಗುವುದು ಹೀಗೆ ಕಂಡ ಕಲೆಯನ್ನು ನಿರ್ಲಕ್ಷಿಸದವರಿಗೆ. ನಿಮ್ಮ ಹಳೆಯ ಪ್ಯಾಪ್ ವರದಿ ಇದಕ್ಕೆ ಉತ್ತರವಲ್ಲ, ಏಕೆಂದರೆ ಪ್ಯಾಪ್ ನೋಡುವುದು ಕೊರಳನ್ನು. ಗರ್ಭಕೋಶದ ಒಳಪದರವನ್ನಾಗಲಿ ಅಂಡಾಶಯವನ್ನಾಗಲಿ ಅದು ಪರೀಕ್ಷಿಸುವುದಿಲ್ಲ.

ವೈದ್ಯರು ಸ್ಪೆಕ್ಯುಲಮ್ ಹಾಕಿ ರಕ್ತ ಎಲ್ಲಿಂದ ಬಂದಿರಬಹುದೆಂದು ನೋಡುತ್ತಾರೆ, ಬಳಿಕ ಯೋನಿಯ ಮೂಲಕ ಸ್ಕ್ಯಾನಿಂಗ್ ಮಾಡಿ ಒಳಪದರದ ದಪ್ಪ ಅಳೆಯುತ್ತಾರೆ. ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರಿನ ಸಾಧ್ಯತೆ ಬಹಳ ಕಡಿಮೆ. ಹೆಚ್ಚಿದ್ದರೆ, ಅಥವಾ ರಕ್ತ ಮತ್ತೆ ಮತ್ತೆ ಕಂಡರೆ, ತೆಳುವಾದ ಕೊಳವೆಯಿಂದ ಒಳಪದರದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸುತ್ತಾರೆ. ಆಗ ಕೆಲವು ನಿಮಿಷ ಹೊಟ್ಟೆ ಕಿವುಚಿದಂತೆ ನೋಯಬಹುದು, ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಬಹುದೇ ಎಂದು ಕೇಳಿಕೊಳ್ಳಿ. ಉರಿಯ ಭಯವನ್ನು ಮೊದಲೇ ತಿಳಿಸಿದರೆ ಚಿಕ್ಕ ಸ್ಪೆಕ್ಯುಲಮ್ಮಿಗೆ ಜೆಲ್ ಹಚ್ಚಿ ಬಳಸುತ್ತಾರೆ. ಒಣಗುವಿಕೆಯೇ ಕಾರಣವೆಂದು ಖಚಿತವಾದರೆ ಯೋನಿಯೊಳಗೆ ಹಚ್ಚುವ ಈಸ್ಟ್ರೊಜನ್ ಮುಲಾಮಿನಿಂದ ಕೆಲವು ವಾರಗಳಲ್ಲಿ ಉರಿ ಕಡಿಮೆಯಾಗುತ್ತದೆ, ಆದರೆ ರಕ್ತದ ಕಾರಣ ತಿಳಿಯುವ ಮುನ್ನ ಅದನ್ನು ನೀವಾಗಿಯೇ ತಂದು ಹಚ್ಚಿಕೊಳ್ಳಬೇಡಿ. ಹೋಗುವಾಗ ಕಲೆ ಕಂಡ ದಿನಾಂಕಗಳನ್ನೂ, ರಕ್ತ ತೆಳುವಾಗಿಸುವ ಮಾತ್ರೆಗಳೂ ಸೇರಿದಂತೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಗಳ ಹೆಸರನ್ನೂ ಬರೆದುಕೊಂಡು ಹೋಗಿ.